ಕಾಮಿಗಿನ್ ನೋಡುವ ಬಗೆ: ಜ್ವಾಲಾಮುಖಿಗಳ ಜಾಡು ಹಿಡಿದು ದ್ವೀಪಕ್ಕೊಂದು ಸುತ್ತು

ಫಿಲಿಪ್ಪೀನ್ಸ್‌ಗೆ ಹೋಗುವವರು ಸಾಮಾನ್ಯವಾಗಿ ಬೊರಾಕಾಯ್, ಪಲವಾನ್ ಕಡೆಗೇ ಹೋಗುತ್ತಾರೆ. ದೇಶದ ದಕ್ಷಿಣದಲ್ಲಿ, ಮಿಂಡನಾವೊ ದ್ವೀಪದ ಉತ್ತರ ಕರಾವಳಿಯಿಂದ ಸುಮಾರು 10 ಕಿಲೋಮೀಟರ್ ಆಚೆ, ಬೋಹೋಲ್ ಸಮುದ್ರದಲ್ಲಿ ಕಾಮಿಗಿನ್ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ ಸುಮಾರು 238 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಇಲ್ಲಿದ್ದವರು 92,808 ಜನ. ಊರುಗಳು ಐದು, ಜ್ವಾಲಾಮುಖಿಗಳು ಅದಕ್ಕಿಂತ ಹೆಚ್ಚು. ತೆಂಗು, ಬಾಳೆ, ಮೀನುಗಾರಿಕೆ, ಲಾನ್ಸೋನೆಸ್ ಹಣ್ಣಿನ ತೋಟ, ಇಷ್ಟರಲ್ಲೇ ಇಲ್ಲಿನ ಬದುಕು ಸಾಗುತ್ತದೆ.

ಇಲ್ಲಿಗೆ ಬಂದವರ ಕೈಗೆ ಒಂದು ಪಟ್ಟಿ ಸಿಗುತ್ತದೆ: ಬಿಳಿ ಮರಳಿನ ದಿಬ್ಬ, ಮುಳುಗಿದ ಸ್ಮಶಾನ, ಬಿಸಿನೀರಿನ ಬುಗ್ಗೆ, ತಣ್ಣೀರಿನ ಕೊಳ, ಜಲಪಾತ. ಒಂದೇ ದಿನದಲ್ಲಿ ಎಲ್ಲಕ್ಕೂ ಓಡಿ, ಫೋಟೋ ತೆಗೆದು ಹೊರಟುಬಿಡುತ್ತಾರೆ. ಅವೆಲ್ಲವೂ ಒಂದೇ ಕಥೆಯ ತುಣುಕುಗಳು ಎಂಬುದು ಗಮನಕ್ಕೇ ಬರುವುದಿಲ್ಲ. ಬೆಂಕಿಬೆಟ್ಟಗಳು ಎಲ್ಲಿ ಸಿಡಿದವು, ಯಾವಾಗ ಸಿಡಿದವು, ಯಾರನ್ನು ಎಬ್ಬಿಸಿ ಓಡಿಸಿದವು ಎಂದು ತಿಳಿದುಕೊಂಡು ಅದೇ ಜಾಡಿನಲ್ಲಿ ಸುತ್ತಿದರೆ ಇದು ಬೇರೆಯದೇ ದ್ವೀಪವಾಗಿ ಕಾಣುತ್ತದೆ. ಅದಕ್ಕೆ ಮೂರು ನಾಲ್ಕು ದಿನವಾದರೂ ಬೇಕು. ಒಂದು ದಿನ ಮಾತ್ರ ಇದೆ ಎನ್ನುವವರು ಈ ಪ್ರವಾಸವನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು.

ಮೊದಲು ನಕ್ಷೆ ತಲೆಯಲ್ಲಿರಲಿ

ಟಿಕೆಟ್ ಹುಡುಕುವ ಮುನ್ನ ಒಂದು ಎಚ್ಚರಿಕೆ. ಫಿಲಿಪ್ಪೀನ್ಸ್‌ನ ಉತ್ತರ ತುದಿಯ ಬಬುಯಾನ್ ದ್ವೀಪಸಮೂಹದಲ್ಲಿ ಇದೇ ಹೆಸರಿನ ಇನ್ನೊಂದು ದ್ವೀಪವಿದೆ. ಅದೂ ಜ್ವಾಲಾಮುಖಿ ದ್ವೀಪವೇ. ನಿಮಗೆ ಬೇಕಾದದ್ದು ಮಿಂಡನಾವೊ ಪಕ್ಕದ ಕಾಮಿಗಿನ್ ಪ್ರಾಂತ.

ಪಿಯರ್ ಹಣ್ಣಿನಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪಾದ ಆಕಾರ ಈ ದ್ವೀಪದ್ದು. ಅಗಲವಾದ ಭಾಗ ಉತ್ತರ-ವಾಯವ್ಯಕ್ಕಿದೆ, ಚೂಪಾದ ತುದಿ ಆಗ್ನೇಯಕ್ಕೆ. ನಡುವೆಲ್ಲ ಬೆಟ್ಟ, ಅಂಚಿನಲ್ಲಿ ಮಾತ್ರ ಸಮತಟ್ಟು ನೆಲ. ಆದ್ದರಿಂದ ಊರುಗಳೆಲ್ಲ ಕರಾವಳಿಯಲ್ಲೇ ಇವೆ. ಅವನ್ನು ಜೋಡಿಸುತ್ತ ಸುಮಾರು 64 ಕಿಲೋಮೀಟರ್ ಉದ್ದದ ಒಂದೇ ರಸ್ತೆ ದ್ವೀಪವನ್ನು ಸುತ್ತಿಬರುತ್ತದೆ. ಈಶಾನ್ಯದಲ್ಲಿ ರಾಜಧಾನಿ ಮಂಬಾಹಾವ್, ಪೂರ್ವಕ್ಕೆ ಮಾಹಿನೋಗ್, ಆಗ್ನೇಯದ ತುದಿಯಲ್ಲಿ ಗಿನ್ಸಿಲಿಬಾನ್, ದಕ್ಷಿಣಕ್ಕೆ ಸಾಗಾಯ್, ಪಶ್ಚಿಮಕ್ಕೆ ಕಾಟರ್ಮಾನ್.

ಬೆಟ್ಟಗಳಲ್ಲಿ ಎರಡರ ಹೆಸರು ನೆನಪಿಟ್ಟರೆ ಸಾಕು. ಉತ್ತರದಲ್ಲಿ 1,332 ಮೀಟರ್ ಎತ್ತರದ ಹಿಬೋಕ್-ಹಿಬೋಕ್, ಅದರ ವಾಯವ್ಯದ ಇಳಿಜಾರಿಗೆ ಅಂಟಿಕೊಂಡ ವಲ್ಕನ್. ಮುಂದೆ ಹೇಳುವ ಬಹುಪಾಲು ಸಂಗತಿಗಳು ಇವೆರಡರಿಂದಲೇ ಹುಟ್ಟಿದವು.

ಯಾವಾಗ ಹೋಗಬೇಕು

ಮಾರ್ಚ್‌ನಿಂದ ಮೇವರೆಗೆ ಬಿಸಿಲು ಹೆಚ್ಚು, ಮಳೆ ಕಡಿಮೆ. ಸಮುದ್ರಕ್ಕಾಗಿ, ಬೆಟ್ಟ ಹತ್ತುವುದಕ್ಕಾಗಿ ಹೋಗುವವರಿಗೆ ಇದೇ ಒಳ್ಳೆಯ ಕಾಲ. ಇದರ ನಡುವೆ ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬಂದಾಗ ದ್ವೀಪ ತುಂಬಿಹೋಗುತ್ತದೆ. ಪನಾಆದ್ ಎಂಬ ಹರಕೆ ತೀರಿಸಲು ಸಾವಿರಾರು ಜನ ಇಡೀ ದ್ವೀಪವನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ. ಆ ಭಕ್ತಿಯನ್ನು ನೋಡುವ ಆಸೆ ಇದ್ದವರು ಕೋಣೆಯನ್ನು ತಿಂಗಳುಗಳ ಮೊದಲೇ ಕಾದಿರಿಸಿ. ಶಾಂತಿ ಬೇಕಿದ್ದವರು ಆ ವಾರ ಬಿಟ್ಟುಬಿಡಿ.

ಅಕ್ಟೋಬರ್ ಲಾನ್ಸೋನೆಸ್ ತಿಂಗಳು. ತಿಳಿ ಕಂದು ಸಿಪ್ಪೆಯ, ನಿಂಬೆಗಿಂತ ಚಿಕ್ಕದಾದ ಈ ಹಣ್ಣು ಗೊಂಚಲುಗೊಂಚಲಾಗಿ ಬಿಡುತ್ತದೆ. ಒಳಗಿನ ತೊಳೆ ಅರೆಪಾರದರ್ಶಕ, ಸಿಹಿ. ಬೀಜ ಮಾತ್ರ ಕಹಿ, ಕಚ್ಚಬೇಡಿ. ಕಾಮಿಗಿನ್‌ನ ಲಾನ್ಸೋನೆಸ್ ಸಿಹಿಗೆ ದೇಶದಲ್ಲೇ ಹೆಸರುವಾಸಿ, ಬೂದಿ ಬಿದ್ದು ಫಲವತ್ತಾದ ಮಣ್ಣೇ ಅದಕ್ಕೆ ಕಾರಣ ಎನ್ನುತ್ತಾರೆ ಬೆಳೆಗಾರರು. ಸುಲಿದ ಸಿಪ್ಪೆಯನ್ನು ಒಣಗಿಸಿ ಸೊಳ್ಳೆ ಓಡಿಸಲು ಸುಡುವ ರೂಢಿಯೂ ಇದೆ. ಆ ತಿಂಗಳ ಲಾನ್ಸೋನೆಸ್ ಹಬ್ಬದಲ್ಲಿ ಬೀದಿಗಳಿಗೆಲ್ಲ ಹಣ್ಣಿನ ಗೊಂಚಲುಗಳ ಅಲಂಕಾರ.

ನವೆಂಬರ್‌ನಿಂದ ಜನವರಿವರೆಗೆ ಮಳೆ ಹೆಚ್ಚು, ಸಮುದ್ರವೂ ಒರಟು. 2001ರ ನವೆಂಬರ್‌ನಲ್ಲಿ ನಾನಾಂಗ್ ಚಂಡಮಾರುತದ ಮಳೆಗೆ ಇಲ್ಲಿನ ಇಳಿಜಾರುಗಳು ಕುಸಿದು, ಮಾಹಿನೋಗ್ ಕಡೆಯ ಹಳ್ಳಿಗಳ ಮೇಲೆ ಕೆಸರು, ಬಂಡೆ ನುಗ್ಗಿ ನೂರಕ್ಕೂ ಹೆಚ್ಚು ಜನ ಸತ್ತರು. ಜ್ವಾಲಾಮುಖಿಯ ಸಡಿಲ ಮಣ್ಣಿನ ಕಡಿದಾದ ಬೆಟ್ಟಗಳಲ್ಲಿ ಮಳೆಗಾಲವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ತಲುಪುವುದು ಹೇಗೆ

ಭಾರತೀಯರಿಗೆ 2025ರ ಜೂನ್‌ನಿಂದ ಫಿಲಿಪ್ಪೀನ್ಸ್ 14 ದಿನಗಳ ವೀಸಾರಹಿತ ಪ್ರವೇಶ ಕೊಡಲು ಆರಂಭಿಸಿತು. ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ವಾಪಸಾತಿ ಟಿಕೆಟ್, ವಸತಿ ಕಾದಿರಿಸಿದ ದಾಖಲೆ ಜೊತೆಗಿರಬೇಕು. ನಿಯಮ ಬದಲಾಗಬಹುದು. ಹೊರಡುವ ಮುನ್ನ ರಾಯಭಾರ ಕಚೇರಿಯ ಪ್ರಕಟಣೆ ನೋಡಿ, ದೇಶ ಪ್ರವೇಶಿಸುವವರು ಆನ್‌ಲೈನ್‌ನಲ್ಲಿ ಮಾಡಬೇಕಾದ ಇ-ಟ್ರಾವೆಲ್ ನೋಂದಣಿಯನ್ನೂ ಮುಗಿಸಿಕೊಳ್ಳಿ.

ಅಲ್ಲಿಂದ ಮುಂದೆ ಎರಡು ದಾರಿ. ಸೆಬು ನಗರದಿಂದ ಮಂಬಾಹಾವ್‌ಗೆ ಚಿಕ್ಕ ವಿಮಾನಗಳು ಹಾರುತ್ತವೆ. ಸಮಯ ಉಳಿಯುತ್ತದೆ, ಹವಾಮಾನ ಕೆಟ್ಟರೆ ರದ್ದಾಗುತ್ತವೆ. ಇನ್ನೊಂದು, ಮನಿಲಾದಿಂದ ಕಾಗಾಯಾನ್ ದೆ ಒರೊ ಬಳಿಯ ಲಗಿಂಡಿಂಗಾನ್ ವಿಮಾನ ನಿಲ್ದಾಣಕ್ಕೆ ಬಂದು, ಕಾಗಾಯಾನ್ ದೆ ಒರೊ ನಗರದಿಂದ ಬಸ್ಸಿನಲ್ಲಿ ಬಾಲಿಂಗೋವನ್ ಬಂದರಿಗೆ ಹೋಗಿ, ಅಲ್ಲಿಂದ ದೋಣಿ ಹಿಡಿಯುವುದು. ಬಸ್ಸು ಸುಮಾರು ಎರಡು ಗಂಟೆ, ಕಾಮಿಗಿನ್‌ನ ಬೆನೋನಿ ಬಂದರಿಗೆ ದೋಣಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ವಾಹನಗಳನ್ನೂ ಹೊತ್ತು ಸಾಗುವ ದೊಡ್ಡ ದೋಣಿಗಳಿವು. ನಾನು ಎರಡನೆಯದನ್ನೇ ಸೂಚಿಸುತ್ತೇನೆ, ಕಾರಣ ಖರ್ಚಲ್ಲ. ದೋಣಿಯ ಮುಂಭಾಗದಲ್ಲಿ ನಿಂತರೆ ಸಾಲು ಶಿಖರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಅವುಗಳ ಕಾಲಬುಡಕ್ಕೆ ಮನುಷ್ಯರ ಜಾಗ ಎಷ್ಟು ಕಿರಿದು ಎಂಬುದು ಕಣ್ಣಿಗೇ ಕಾಣುತ್ತದೆ.

ಗಾಳಿಯ ಎಚ್ಚರಿಕೆ ಬಂದರೆ ಕರಾವಳಿ ಕಾವಲು ಪಡೆ ದೋಣಿ ನಿಲ್ಲಿಸುತ್ತದೆ. ಹಿಂತಿರುಗುವ ಅಂತರರಾಷ್ಟ್ರೀಯ ವಿಮಾನಕ್ಕೂ ದ್ವೀಪ ಬಿಡುವ ದಿನಕ್ಕೂ ನಡುವೆ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ತಂಗುವುದು, ತಿರುಗುವುದು

ಮಂಬಾಹಾವ್ ಪುರಸಭೆಯ ಉತ್ತರ ಕರಾವಳಿಯ ಅಗೋಹೊ, ಯುಂಬಿಂಗ್ ಹಳ್ಳಿಗಳಲ್ಲಿ ತಂಗಿ. ಮರಳು ದಿಬ್ಬದ ದೋಣಿಗಳು ಇಲ್ಲಿಂದಲೇ ಹೊರಡುತ್ತವೆ, ವಲ್ಕನ್ ಹತ್ತಿರ, ಬಿಸಿನೀರಿನ ಬುಗ್ಗೆಯೂ ದೂರವಿಲ್ಲ. ಪೆಸೊ ನಗದನ್ನು ಬರುವಾಗಲೇ ತನ್ನಿ. ಎಟಿಎಂಗಳು ಮುಖ್ಯವಾಗಿ ಮಂಬಾಹಾವ್ ಪಟ್ಟಣದಲ್ಲಿವೆ, ಹಳ್ಳಿಯ ಅಂಗಡಿ, ದೋಣಿ, ಪ್ರವೇಶ ಶುಲ್ಕ ಎಲ್ಲದಕ್ಕೂ ನಗದೇ ಬೇಕು.

ಇಬ್ಬರಿದ್ದರೆ ಬಾಡಿಗೆ ಬೈಕು, ಕುಟುಂಬವಾದರೆ ಮಲ್ಟಿಕ್ಯಾಬ್ ಎಂಬ ಚಿಕ್ಕ ವ್ಯಾನು. ಸಣ್ಣ ದೂರಕ್ಕೆ ಮೋಟೊರೇಲಾ ಎಂಬ ಆಟೋದಂಥ ಬಾಡಿಗೆ ಗಾಡಿ ಸಿಗುತ್ತದೆ. ಬೈಕು ಓಡಿಸುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ತನ್ನಿ, ಹೆಲ್ಮೆಟ್ ಕೇಳಿ ಪಡೆಯಿರಿ. ಇಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ. ಎಡಬದಿಗೆ ಒಗ್ಗಿದ ನಮ್ಮ ಕೈ ತಿರುವುಗಳಲ್ಲಿ ಮರೆಯುತ್ತದೆ, ಮೊದಲ ಗಂಟೆ ನಿಧಾನವಾಗಿ ಹೋಗಿ. ದ್ವೀಪವನ್ನು ಅಪ್ರದಕ್ಷಿಣೆಯಾಗಿ ಸುತ್ತಿ, ಎಂದರೆ ಮಂಬಾಹಾವ್‌ನಿಂದ ಯುಂಬಿಂಗ್, ಕಾಟರ್ಮಾನ್, ಸಾಗಾಯ್, ಗಿನ್ಸಿಲಿಬಾನ್, ಮಾಹಿನೋಗ್ ಮೂಲಕ ಮರಳಿ ಮಂಬಾಹಾವ್‌ಗೆ. ಆಗ ಸಮುದ್ರ ಸದಾ ನಿಮ್ಮ ಬಲಕ್ಕೇ ಇರುತ್ತದೆ, ದಡಕ್ಕೆ ಇಳಿಯುವಾಗ ಎದುರಿನ ವಾಹನಗಳನ್ನು ಅಡ್ಡ ಹಾಯುವ ಕೆಲಸವಿಲ್ಲ.

ಮೊದಲ ಬೆಳಗು: ವೈಟ್ ಐಲ್ಯಾಂಡ್‌ನಿಂದ ಬೆಟ್ಟ ನೋಡಿ

ದಡದಿಂದ ಸುಮಾರು 1.4 ಕಿಲೋಮೀಟರ್ ದೂರದಲ್ಲಿ, ಹವಳದ ಪುಡಿಯಿಂದಾದ ಬರಿಯ ಮರಳ ದಿಬ್ಬ ಇದು. ಮರವಿಲ್ಲ, ಮನೆಯಿಲ್ಲ, ನೆರಳಿಲ್ಲ. ಉಬ್ಬರ ಇಳಿತಗಳು ಅದರ ಆಕಾರವನ್ನು ಬದಲಿಸುತ್ತಲೇ ಇರುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೇ ದೋಣಿ ಹತ್ತಿ. ಒಂಬತ್ತು ಗಂಟೆಯ ಮೇಲೆ ಮರಳು ಕಾದು ನಿಲ್ಲಲಾಗುವುದಿಲ್ಲ, ಜನವೂ ತುಂಬಿರುತ್ತಾರೆ. ಇಳಿತದ ವೇಳೆಯನ್ನು ಹಿಂದಿನ ಸಂಜೆಯೇ ದೋಣಿಯವರಲ್ಲಿ ಕೇಳಿಕೊಳ್ಳಿ.

ಇಲ್ಲಿಗೆ ಮೊದಲು ಹೋಗಿ ಎನ್ನುವುದು ಈಜಿಗಾಗಿ ಅಲ್ಲ. ದಿಬ್ಬದ ಮೇಲೆ ನಿಂತು ದ್ವೀಪದ ಕಡೆ ತಿರುಗಿದರೆ ಹಿಬೋಕ್-ಹಿಬೋಕ್ ಮತ್ತು ವಲ್ಕನ್ ಎರಡೂ ಬುಡದಿಂದ ತುದಿವರೆಗೆ ಒಟ್ಟಿಗೆ ಕಾಣುತ್ತವೆ. ದೊಡ್ಡದರ ಪಕ್ಕದ ಗುಂಡಗಿನ ಗುಡ್ಡವನ್ನು ಚೆನ್ನಾಗಿ ನೋಡಿಕೊಳ್ಳಿ. 1871ರ ಆರಂಭದಲ್ಲಿ ಅದು ಇರಲೇ ಇಲ್ಲ.

ವಲ್ಕನ್, ಬಾನ್‌ಬಾನ್: ಊರೊಂದು ಇದ್ದ ಜಾಗ

ಈ ಭಾಗಕ್ಕೆ ಅರ್ಧ ದಿನವನ್ನೇ ಮೀಸಲಿಡಿ. ನನ್ನ ಮಟ್ಟಿಗೆ ಕಾಮಿಗಿನ್ ಎಂದರೆ ಈ ಕೆಲವೇ ಕಿಲೋಮೀಟರ್ ರಸ್ತೆ.

1871ರ ಏಪ್ರಿಲ್ ಮುಗಿದು ಮೇ ತಿಂಗಳು ಹುಟ್ಟುವ ಹೊತ್ತಿಗೆ, ವಾರಗಳ ಕಾಲ ನಡುಗಿದ ನೆಲ ಹಿಬೋಕ್-ಹಿಬೋಕ್‌ನ ವಾಯವ್ಯ ಬುಡದಲ್ಲಿ ಬಾಯಿ ತೆರೆಯಿತು. ಅಂದು ಕಾಟರ್ಮಾನ್ ಪಟ್ಟಣ ಅದರ ಸಮೀಪದಲ್ಲೇ ಇತ್ತು. ಪಟ್ಟಣ ನಾಶವಾಯಿತು, ಸಮುದ್ರದ ಬದಿಯ ನೆಲ ಕುಸಿದು ನೀರಿನಡಿ ಹೋಯಿತು, ಬದುಕಿದವರು ದಕ್ಷಿಣಕ್ಕೆ ಸರಿದು ಹೊಸ ಊರು ಕಟ್ಟಿಕೊಂಡರು. ಉಗುಳು ನಾಲ್ಕು ವರ್ಷ ಮುಂದುವರಿಯಿತು. ದಪ್ಪನೆಯ ಲಾವಾ ದೂರ ಹರಿಯದೆ ಬಾಯಿಯ ಮೇಲೆಯೇ ರಾಶಿಬಿದ್ದು ಗುಡ್ಡವಾಯಿತು. ಬ್ರಿಟನ್ನಿನ ಸಾಗರ ಸಂಶೋಧನಾ ನೌಕೆ ಚಾಲೆಂಜರ್ 1875ರಲ್ಲಿ ಈ ಕಡೆ ಬಂದಾಗ ಅದರ ವಿಜ್ಞಾನಿಗಳು ಕಂಡದ್ದು 1,950 ಅಡಿ ಎತ್ತರದ, ಬಾಯಿಯಿಲ್ಲದ, ತುದಿಯಲ್ಲಿ ಇನ್ನೂ ಹೊಗೆಯಾಡುತ್ತ ಕೆಂಪಗೆ ಕಾದಿದ್ದ ಗುಡ್ಡವನ್ನು. ನಾಲ್ಕೇ ವರ್ಷಕ್ಕೆ ಒಂದು ಬೆಟ್ಟ!

ಯುಂಬಿಂಗ್ ದಾಟಿದ ಮೇಲೆ ಈ ಗುಡ್ಡದ ಮೈಮೇಲೆ ಮೆಟ್ಟಿಲ ದಾರಿ ಇದೆ. ಏಸುವಿನ ಶಿಲುಬೆಯಾತ್ರೆಯ ಹದಿನಾಲ್ಕು ಘಟ್ಟಗಳನ್ನು ಆಳೆತ್ತರದ ಪ್ರತಿಮೆಗಳಲ್ಲಿ ಉದ್ದಕ್ಕೂ ನಿಲ್ಲಿಸಿದ್ದಾರೆ. ಮುಂಜಾನೆ ಹತ್ತಿ, ನೀರು ಒಯ್ಯಿರಿ. ದಾರಿಯ ಬದಿಯ ಕಲ್ಲು ಮುಟ್ಟಿ ನೋಡಿ, ನೂರೈವತ್ತು ವರ್ಷದ ಲಾವಾದ ಮೇಲೆ ಬೇರೂರಿದ ಕಾಡನ್ನೂ ನೋಡಿ.

ಮುಂದೆ ಬಾನ್‌ಬಾನ್ ಹಳ್ಳಿಯಲ್ಲಿ ಗಿಯೋಬ್ ಚರ್ಚಿನ ಅವಶೇಷಗಳು. ಹಳೆಯ ಕಾಟರ್ಮಾನ್‌ನಲ್ಲಿ ಉಳಿದದ್ದು ಹೆಚ್ಚುಕಡಿಮೆ ಇಷ್ಟೇ: ಹವಳಗಲ್ಲು ಮತ್ತು ಬಂಡೆಗಳ ದಪ್ಪ ಗೋಡೆಗಳು, ಗಂಟೆಗೋಪುರದ ಬುಡ, ನಡುವೆ ಹುಲ್ಲು, ಸುತ್ತ ಹಳೆಯ ಮರಗಳು. ಚಾವಣಿ ಇಲ್ಲದಿದ್ದರೂ ಇಂದಿಗೂ ಪೂಜಾಸ್ಥಳ. ಗೋಡೆ ಹತ್ತಬೇಡಿ, ದನಿ ತಗ್ಗಿಸಿ.

ಚರ್ಚಿನಿಂದ ಸ್ವಲ್ಪ ದೂರದಲ್ಲೇ ಆ ಊರಿನ ಸ್ಮಶಾನ ಕಡಲಡಿಯಲ್ಲಿದೆ. ಅದರ ಗುರುತಿಗೆ 1982ರಲ್ಲಿ ನೀರಿನ ನಡುವೆ ದೊಡ್ಡ ಶಿಲುಬೆ ನಿಲ್ಲಿಸಿದರು. ದೋಣಿಯಲ್ಲಿ ಅಲ್ಲಿಗೆ ಹೋಗಬಹುದು, ಈಜಿನ ಮುಖವಾಡ ಹಾಕಿ ತೇಲುತ್ತ ತಳ ನೋಡಬಹುದು. ಸಮಾಧಿಕಲ್ಲುಗಳಿಗಿಂತ ಅವುಗಳ ಮೇಲೆ ಬೆಳೆದ ಹವಳ, ಸುಳಿದಾಡುವ ಮೀನುಗಳೇ ಹೆಚ್ಚು ಕಾಣುತ್ತವೆ. ಸೆಳೆತ ಇರುವ ಜಾಗ, ಸ್ಥಳೀಯ ಮಾರ್ಗದರ್ಶಕರಿಲ್ಲದೆ ಇಳಿಯಬೇಡಿ. ಏನನ್ನೂ ಮುಟ್ಟಬೇಡಿ. ಇದು ಈ ಊರಿನವರ ಪೂರ್ವಿಕರು ಮಲಗಿರುವ ನೆಲ, ಶಿಲುಬೆಯ ಮೇಲೇರಿ ಫೋಟೋಕ್ಕೆ ನಿಲ್ಲುವುದು ಅವರಿಗೆ ನೋವು ತರುತ್ತದೆ. ಈ ದಡ ಪಶ್ಚಿಮಕ್ಕೆ ಮುಖ ಮಾಡಿದ್ದರಿಂದ ಸೂರ್ಯಾಸ್ತ ನೇರ ಎದುರಿಗೆ. ಯುಂಬಿಂಗ್‌ನಲ್ಲಿ ತಂಗಿದವರು ಬೇರೊಂದು ಸಂಜೆ ಮತ್ತೆ ಬರಬಹುದು.

ನೀರಿನ ಜಾಡು

ಒಂದೇ ದ್ವೀಪದಲ್ಲಿ ಬಿಸಿ ಕೊಳ, ತಣ್ಣನೆ ಕೊಳ, ಸೋಡಾ ಕೊಳ ಹೇಗೆ? ಮಳೆ ನೀರು ಬಿರುಕುಬಿಟ್ಟ ಜ್ವಾಲಾಮುಖಿ ಶಿಲೆಯೊಳಗೆ ಸುಲಭವಾಗಿ ಇಳಿಯುತ್ತದೆ. ಆಳದ ಬಿಸಿಕಲ್ಲಿನ ತನಕ ಹೋದದ್ದು ಕಾದು ಮೇಲೆ ಬರುತ್ತದೆ, ಆ ಕಾವು ಮುಟ್ಟದ ದಾರಿಯಲ್ಲಿ ಬಂದದ್ದು ತಣ್ಣಗೇ ಚಿಮ್ಮುತ್ತದೆ, ಅನಿಲ ಕರಗಿಸಿಕೊಂಡದ್ದು ಸೋಡಾ ಆಗುತ್ತದೆ.

ಬಾನ್‌ಬಾನ್‌ನಿಂದ ಕಾಟರ್ಮಾನ್ ಕಡೆ ಹೊರಟಾಗ ಬುರಾ ಸೋಡಾ ಕೊಳ ಮತ್ತು ಸಾಂತೊ ನಿನ್ಯೊ ತಣ್ಣೀರಿನ ಕೊಳ ಸಿಗುತ್ತವೆ. ಬುರಾದಲ್ಲಿ ಬಾಟಲಿ ಸೋಡಾದ ಚುರುಕನ್ನು ನಿರೀಕ್ಷಿಸಬೇಡಿ, ಮಧ್ಯಾಹ್ನದ ಬಿಸಿಲಿಗೆ ಮಾತ್ರ ಹಿತವಾದ ಜಾಗ. ಸಾಂತೊ ನಿನ್ಯೊದ ನೀರು ತಳದ ಮರಳು ಕಾಣುವಷ್ಟು ತಿಳಿ, ಇಳಿದ ಕೂಡಲೇ ಮೈ ಜುಂ ಎನ್ನುವಷ್ಟು ತಣ್ಣಗಿದೆ. ಆಯ್ಕೆ ಮಾಡಬೇಕಾದರೆ ಇದನ್ನೇ ಉಳಿಸಿಕೊಳ್ಳಿ. ಹತ್ತಿರದಲ್ಲೇ ತುವಾಸಾನ್ ಜಲಪಾತ, ದೊಡ್ಡ ಬಂಡೆಗಳ ನಡುವೆ ರಭಸದಿಂದ ಧುಮುಕುತ್ತದೆ. ಮಳೆ ಬಿದ್ದ ದಿನ ದೂರದಿಂದಲೇ ನೋಡಿ.

ಪಶ್ಚಿಮ ಕರಾವಳಿಯ ಟಾಂಗುಬ್ ಬುಗ್ಗೆ ಸಮುದ್ರದ ಅಂಚಿನಲ್ಲೇ ಇದೆ. ಉಬ್ಬರ ಏರಿದಾಗ ಕೊಳ ತಣ್ಣಗಾಗುತ್ತದೆ, ಇಳಿತದಲ್ಲಿ ಬಿಸಿಯಾಗುತ್ತದೆ.

ಆರ್ಡೆಂಟ್ ಬಿಸಿನೀರಿನ ಬುಗ್ಗೆ ಹಿಬೋಕ್-ಹಿಬೋಕ್‌ನ ತಪ್ಪಲಲ್ಲಿ, ಮಂಬಾಹಾವ್ ಕಡೆಗಿದೆ. ಸುಮಾರು 40 ಡಿಗ್ರಿ ಕಾವಿನ ಕೊಳಗಳು ಮೇಲಿಂದ ಕೆಳಕ್ಕೆ ಸಾಲಾಗಿವೆ. ಸಂಜೆ ಹೋಗಿ, ದಿನವೆಲ್ಲ ನಡೆದ ಕಾಲಿಗೆ ಆಗಲೇ ಅದು ಬೇಕಾಗುವುದು. ಮಂಬಾಹಾವ್‌ನಿಂದ ನಾಲ್ಕೈದು ಕಿಲೋಮೀಟರ್ ಒಳಗೆ, ಸುಮಾರು 70 ಮೀಟರ್ ಎತ್ತರದಿಂದ ನೇರ ಬೀಳುವ ಕಾಟಿಬವಾಸಾನ್ ಜಲಪಾತವನ್ನು ಅದೇ ಮಧ್ಯಾಹ್ನ ನೋಡಿಕೊಳ್ಳಬಹುದು.

ಹಿಬೋಕ್-ಹಿಬೋಕ್: ಹತ್ತುವ ಮೊದಲು ತಿಳಿಯಬೇಕಾದದ್ದು

1948ರಲ್ಲಿ ಎಚ್ಚೆತ್ತ ಈ ಬೆಟ್ಟ 1953ರವರೆಗೆ ಬಿಟ್ಟುಬಿಟ್ಟು ಸಿಡಿಯಿತು. 1951ರ ಡಿಸೆಂಬರ್ 4ರಂದು ಕಾದ ಅನಿಲ ಮತ್ತು ಬೂದಿಯ ಮೋಡ ಮಂಬಾಹಾವ್ ಕಡೆಯ ಇಳಿಜಾರಿನಲ್ಲಿ ನುಗ್ಗಿ ಸುಮಾರು 500 ಜನರನ್ನು ಬಲಿ ತೆಗೆದುಕೊಂಡಿತು. ಇಂಥ ಮೋಡದ ಎದುರು ಓಡಿ ಪಾರಾಗುವ ಮಾತೇ ಇಲ್ಲ. ಅದಕ್ಕೂ ಮುಂಚೆ 69,000 ಇದ್ದ ದ್ವೀಪದ ಜನಸಂಖ್ಯೆ ವಲಸೆಯಿಂದಾಗಿ ಸುಮಾರು 34,000ಕ್ಕೆ ಇಳಿಯಿತು. ಅರ್ಧಕ್ಕರ್ಧ ದ್ವೀಪ ಖಾಲಿಯಾಯಿತು. ಈ ದುರಂತದ ಮರುವರ್ಷ, 1952ರಲ್ಲಿ, ಫಿಲಿಪ್ಪೀನ್ಸ್ ಜ್ವಾಲಾಮುಖಿ ಆಯೋಗವನ್ನು ಸ್ಥಾಪಿಸಿತು. ಇಂದು ದೇಶದ ಎಲ್ಲ ಜ್ವಾಲಾಮುಖಿಗಳ ಮೇಲೆ ಕಣ್ಣಿಟ್ಟಿರುವ ಫಿವೋಲ್ಕ್ಸ್ ಸಂಸ್ಥೆಯ ಮೂಲ ಅದೇ. ಬೇರೆ ಊರುಗಳ ಎಷ್ಟೋ ಜೀವಗಳು ಮುಂದೆ ಉಳಿದದ್ದರ ಹಿಂದೆ ಕಾಮಿಗಿನ್‌ನ ಆ ಸಾವುಗಳಿವೆ ಎಂಬುದನ್ನು ನಾವು ಮರೆಯಬಾರದು. ಮಂಬಾಹಾವ್‌ನ ಮೇಲ್ಭಾಗದ ಕ್ವಿಬೊರೊದಲ್ಲಿ ಆ ಸಂಸ್ಥೆಯ ವೀಕ್ಷಣಾಲಯವಿದೆ. ಬೆಟ್ಟ ಹತ್ತುವ ಯೋಚನೆ ಇಲ್ಲದವರೂ ಅದರ ಬಾಗಿಲಿನ ತನಕ ಹೋಗಿಬನ್ನಿ.

ಹತ್ತುವವರು ಕ್ರಮವಾಗಿ ಹೀಗೆ ಮಾಡಿ. ಫಿವೋಲ್ಕ್ಸ್‌ನ ಇತ್ತೀಚಿನ ಎಚ್ಚರಿಕೆ ಮಟ್ಟ ನೋಡಿಕೊಳ್ಳಿ. ಮಂಬಾಹಾವ್‌ನಲ್ಲಿ ಪರಿಸರ ಇಲಾಖೆಯ ಅನುಮತಿ ಪಡೆಯಿರಿ, ಅವರು ಹೇಳುವ ಮಾರ್ಗದರ್ಶಕರನ್ನೇ ಗೊತ್ತುಮಾಡಿಕೊಳ್ಳಿ. ಬೆಳಕು ಹರಿಯುವ ಮುನ್ನ ಹೊರಡಿ. ಹತ್ತಲು ಮೂರರಿಂದ ಐದು ಗಂಟೆ ಹಿಡಿಯುತ್ತದೆ, ಮೇಲಿನ ಭಾಗ ಕಡಿದು, ಚೂಪುಗಲ್ಲು, ಪಾಚಿ. ಕೈಗವಸು ಒಯ್ಯಿರಿ. ತುದಿಯಲ್ಲಿ ಹಳೆಯ ಬಾಯಿಯೊಂದು ಕೆರೆಯಾಗಿದೆ. ಮೋಡವಿಲ್ಲದ ದಿನ ಬೋಹೋಲ್ ತನಕ ಕಾಣುತ್ತದೆ. ಮಳೆಯ ಮರುದಿನ ಹತ್ತುವ ಹಟ ಬೇಡ.

ಈ ಕಾಡಿನ ಮಾತು ಹೇಳಲೇಬೇಕು. ಹಿಮಯುಗದಲ್ಲಿ ಸಮುದ್ರ ಮಟ್ಟ ನೂರಿಪ್ಪತ್ತು ಮೀಟರ್‌ನಷ್ಟು ತಗ್ಗಿದಾಗಲೂ ಆಳವಾದ ಕಡಲು ಕಾಮಿಗಿನ್ನನ್ನು ಮಿಂಡನಾವೊದಿಂದ ಬೇರೆಯಾಗಿಯೇ ಇಟ್ಟಿತ್ತು. ಹಾಗಾಗಿ ಇಷ್ಟು ಚಿಕ್ಕ ದ್ವೀಪಕ್ಕೆ ತನ್ನದೇ ಜೀವಿಗಳಿವೆ: ಎರಡು ಜಾತಿಯ ಕಾಡಿಲಿಗಳು, ಒಂದು ಗೂಬೆ, 2006ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾದ ಪುಟ್ಟ ಹಸಿರು ಗಿಣಿ. ತಲೆಕೆಳಗಾಗಿ ನೇತಾಡುವ ಗಿಣಿಗಳ ಬಳಗಕ್ಕೆ ಸೇರಿದ್ದು ಅದು. ಬೇರೆಲ್ಲೂ ಇಲ್ಲದ ಇವು ಬದುಕಿರುವುದು ಟಿಂಪೂಂಗ್ ಮತ್ತು ಹಿಬೋಕ್-ಹಿಬೋಕ್ ಬೆಟ್ಟಗಳ ಉಳಿದ ಕಾಡಿನಲ್ಲಿ. 2004ರಿಂದ ಅದು ಸಂರಕ್ಷಿತ ಪ್ರದೇಶ. ಯಾರಾದರೂ ಗಿಣಿಮರಿ ಮಾರಲು ತಂದರೆ ಕೊಳ್ಳಬೇಡಿ, ಕನಿಕರದಿಂದಲೂ ಕೊಳ್ಳಬೇಡಿ.

ಊಟ

ಬಾಯಿರುಚಿಗೆ ಮೂರು: ಒಳಗೆ ಮೊಟ್ಟೆ-ಹಾಲಿನ ಸಿಹಿ ಹೂರಣವಿರುವ ಪಾಸ್ತೆಲ್ ಬನ್, ಮರಗೆಣಸಿನ ಗರಿಗರಿ ಕಿಪಿಂಗ್, ತೆಂಗಿನಹಾಲಿನಲ್ಲಿ ಬೇಯಿಸಿದ ನಾಟಿಕೋಳಿಯ ಸುರೋಲ್. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ತರಕಾರಿ ಪದಾರ್ಥದಲ್ಲೂ ಸಿಗಡಿ, ಮಾಂಸದ ಚೂರು ಇರುತ್ತದೆ. ಮೊದಲೇ ಬಿಡಿಸಿ ಹೇಳಿ. ಅನ್ನ, ಹಣ್ಣು ಎಲ್ಲೆಡೆ ಸಿಗುತ್ತದೆ.

ಪೂರ್ವ ದಡ: ಕೊನೆಯ ದಿನಕ್ಕೆ

ಮಾಹಿನೋಗ್ ದಡದಿಂದ ಕಾಣುವ ‘ಮಾಂತಿಗೆ’ ಎಂಬುದು ಸುಮಾರು ನಾಲ್ಕು ಹೆಕ್ಟೇರಿನ ದ್ವೀಪ. ವೈಟ್ ಐಲ್ಯಾಂಡ್‌ನಂತಲ್ಲ, ನಡುವೆ ಕಾಡಿದೆ, ನೆರಳಿದೆ. ಸುತ್ತಲಿನ ಹವಳದ ದಂಡೆ ಸಂರಕ್ಷಿತ. ಮಕ್ಕಳ ಜೊತೆ ಬಂದವರಿಗೆ ಇದೇ ಮೇಲು.

ಗಿನ್ಸಿಲಿಬಾನ್‌ಗೆ ಹೋದರೆ ಸ್ಪೇನಿನವರ ಕಾಲದ ಕಾವಲುಗೋಪುರದ ಬಳಿ ನಿಲ್ಲಿ. ಸ್ಪೇನಿನವರು ದ್ವೀಪದಲ್ಲಿ ಮೊದಲು ನೆಲೆಯೂರಿದ್ದು 1598ರಲ್ಲಿ, ಇದೇ ಊರಿನಲ್ಲಿ. ಗುಲಾಮರನ್ನು ಹಿಡಿಯಲು ದಕ್ಷಿಣದಿಂದ ಬರುತ್ತಿದ್ದ ದಾಳಿಕೋರರ ದೋಣಿಗಳನ್ನು ದೂರದಿಂದಲೇ ಕಂಡು ಜನರನ್ನು ಎಚ್ಚರಿಸಲು ಗೋಪುರ ಕಟ್ಟಲಾಯಿತು. ಈ ಊರು ಮತ್ತು ಸಾಗಾಯ್‌ನಲ್ಲಿ ಕಿನಾಮಿಗಿನ್ ಎಂಬ ದ್ವೀಪದ ಮೂಲ ಭಾಷೆ ಇನ್ನೂ ಕಿವಿಗೆ ಬೀಳುತ್ತದೆ, ಉಳಿದೆಡೆ ಸೆಬುವಾನೊ. ಆಡಳಿತದಲ್ಲಿ ಮಿಸಾಮಿಸ್ ಓರಿಯೆಂಟಲ್‌ಗೆ ಸೇರಿದ್ದ ದ್ವೀಪ ಪ್ರತ್ಯೇಕ ಪ್ರಾಂತವಾದದ್ದು 1966ರ ಕಾನೂನಿನಿಂದ.

ಹೊರಡುವ ದಿನ ಬೆಳಿಗ್ಗೆ ಸಾಮಾನು ಕಟ್ಟಿಕೊಂಡೇ ಗಿನ್ಸಿಲಿಬಾನ್‌ನ ಕಾಂತಾನ್‌ಗೆ ಬನ್ನಿ. ಅಲ್ಲಿನ ಕಬೀಲಾ ಕಡಲತೀರದಲ್ಲಿ ಊರಿನವರು ದೈತ್ಯ ಕಪ್ಪೆಚಿಪ್ಪುಗಳನ್ನು ಸಾಕಿ ಸಮುದ್ರಕ್ಕೆ ಬಿಡುತ್ತಾರೆ. ಮಾಂಸ ಮತ್ತು ಚಿಪ್ಪಿಗಾಗಿ ಹಿಡಿದೂ ಹಿಡಿದೂ ಈ ಜೀವಿಗಳು ಎಷ್ಟೋ ಕಡಲುಗಳಿಂದ ಕಾಣೆಯಾಗಿವೆ. ಮೊದಲು ದಡದ ತೊಟ್ಟಿಯಲ್ಲಿ ಮರಿಗಳನ್ನು ತೋರಿಸಿ ವಿವರಿಸುತ್ತಾರೆ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ಅವರ ಜೊತೆಯಲ್ಲೇ ನೀರಿಗಿಳಿಯಿರಿ. ಮೈಗೆ ಸನ್‌ಸ್ಕ್ರೀನ್ ಬೇಡ, ಉದ್ದ ತೋಳಿನ ಅಂಗಿ ಹಾಕಿ. ತಳದಲ್ಲಿ ಕಾಲೂರಬೇಡಿ, ನೆರಳು ಬಿದ್ದರೂ ಚಿಪ್ಪುಗಳು ಮುಚ್ಚಿಕೊಳ್ಳುತ್ತವೆ. ನೀವು ಕೊಡುವ ಶುಲ್ಕ ಈ ಕೆಲಸಕ್ಕೇ ಸಲ್ಲುವುದರಿಂದ ಚೌಕಾಸಿ ಮಾಡಬೇಡಿ. ಅಲ್ಲಿಂದ ಬೆನೋನಿ ಬಂದರು ಹತ್ತಿರ, ಮಧ್ಯಾಹ್ನದ ದೋಣಿ ಆರಾಮವಾಗಿ ಸಿಗುತ್ತದೆ.